ದೇವರಿಗೆ ನೀ, ಅಪ್ಪನಿಗೆ ರೀ

ಬಸ್ಸಿನಲ್ಲಿ ನಾನು ಇಡೀ ದಿನ ‘ರೀ’ ಎನ್ನುತ್ತಲೇ ಇರುತ್ತೇನೆ. ‘ಒಳಗ ಸರೀರಿ’, ‘ಚಿಲ್ಲರ ತಗೀರಿ’, ‘ಆಧಾರ್ ಕಾರ್ಡ್ ತೋರಸ್ರಿ ಅಮ್ಮಾರ’. ಗಂಗಾವತಿಯಿಂದ ಹೊರಟು ಕೊಪ್ಪಳ, ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿ ಮುಟ್ಟುವಷ್ಟರಲ್ಲಿ ಬಾಯಿ ಒಣಗಿರುತ್ತದೆ, ರೀ ಮಾತ್ರ ಒಣಗಿರುವುದಿಲ್ಲ. ನಮ್ಮ ಕಡೆ ರೀ ಎಂದರೆ ಮರ್ಯಾದೆ. ಆದರೆ ಕಂಡಕ್ಟರನಾದವನಿಗೆ ಅದರ ಇನ್ನೊಂದು ಉಪಯೋಗವೂ ಗೊತ್ತಿರುತ್ತದೆ. ಯಾರ ಜೊತೆ ನಮಗೆ ಏನೂ ಸಂಬಂಧವಿಲ್ಲವೋ, ಯಾರ ಜೊತೆ ಜಗಳ ಬೇಡವೋ, ಯಾರು ಬೇಗ ಇಳಿದು ಹೋದರೆ ಸಾಕೋ, ಅವರಿಗೂ ರೀ ಅನ್ನುತ್ತೇವೆ. ಕುಡಿದು ಹತ್ತಿದವನಿಗೆ ನಾನು ಎಲ್ಲರಿಗಿಂತ ಹೆಚ್ಚು ರೀ ಅನ್ನುತ್ತೇನೆ.

ಇಷ್ಟೆಲ್ಲ ತಿಳಿದವನು ನನ್ನ ಸ್ವಂತ ಮಗಳ ಬಾಯಿಂದ ಬಂದ ರೀ ಎಂಥದ್ದು ಎಂದು ಗುರುತಿಸದೆ ಹೋದೆ. ಅದನ್ನು ಬರೆಯಲು ಕುಳಿತರೆ ಈಗಲೂ ಮುಖ ಬಿಸಿಯಾಗುತ್ತದೆ.

ಗಂಗಾವತಿಯಲ್ಲಿ ನಮ್ಮ ಚರ್ಚು ಚಿಕ್ಕದು, ಮೇಲೆ ತಗಡು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಕಾಲುವೆ ಕಡೆ ಬಂದು ನೆಲೆಸಿದ ರೈತರ ಕ್ಯಾಂಪುಗಳಿಂದ ತೆಲುಗಿನವರೂ ಬರುವುದರಿಂದ ಹಾಡುಗಳು ಅರ್ಧ ಕನ್ನಡ, ಅರ್ಧ ತೆಲುಗು. ನನಗೆ ತೆಲುಗು ಬಾರದು, ಆದರೂ ಬಾಯಿ ಆಡಿಸುತ್ತೇನೆ. ಬಾಯಿ ಆಡಿಸುವುದರಲ್ಲಿ ನಾನು ಮೊದಲಿನಿಂದಲೂ ಮುಂದು. ಒಂದು ಭಾನುವಾರ ಪಾಸ್ಟರು ತಂದೆಯರ ಬಗ್ಗೆ ಪ್ರಸಂಗ ಮಾಡಿದರು. ಮನೆ ಎಂದರೆ ಅದೂ ಒಂದು ಸಭೆ, ಒಂದು ಚಿಕ್ಕ ಚರ್ಚು, ತಂದೆಯೇ ಅದರ ಮಂದೆ ಕಾಯುವ ಕುರುಬ ಎಂದೆಲ್ಲ ಹೇಳಿ, ಕೊನೆಗೆ, “ದಿನಾಲೂ ಮನ್ಯಾಗ ಕುಟುಂಬ ಪ್ರಾರ್ಥನಾ ನಡಸೂ ತಂದೀಗೋಳು ಎದ್ದು ನಿಲ್ರಿ” ಅಂದರು.

ನನ್ನ ಪಕ್ಕದಲ್ಲಿ ಕುಳಿತಿದ್ದವನು ನಮ್ಮ ಡಿಪೋದ ಮೆಕ್ಯಾನಿಕ್. ಅವನು ಎದ್ದ. ನಾನೂ ಎದ್ದೆ.

ಅವನು ಎದ್ದನೆಂದೇ ಎದ್ದೆ, ಬೇರೆ ಕಾರಣವೇನೂ ಇಲ್ಲ. ನಮ್ಮ ಮನೆಯಲ್ಲಿ ಕ್ರಿಸ್ಮಸ್ಸಿಗೊಮ್ಮೆ, ಯಾರಿಗಾದರೂ ಜ್ವರ ಬಂದಾಗೊಮ್ಮೆ ಪ್ರಾರ್ಥನೆ ಆಗುತ್ತಿತ್ತು. ಉಳಿದ ದಿನ ನಾನು ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಮೊಬೈಲ್ ನೋಡುತ್ತಿದ್ದೆ. ಹೆಂಗಸರ ಕಡೆಯಿಂದ ನನ್ನ ಹೆಂಡತಿ ಒಮ್ಮೆ ನನ್ನತ್ತ ನೋಡಿದಳು. ಬೈಯುವ ನೋಟವಲ್ಲ, ಇವರು ಯಾರೋ ಎಂಬಂಥ ನೋಟ. ಪಕ್ಕದಲ್ಲಿದ್ದ ಮಗಳು ಮಾತ್ರ ಹಿಗ್ಗಿ ನನಗೆ ಕೈ ಬೀಸಿದಳು. ಪಾಸ್ಟರು ನಮ್ಮ ಮೇಲೆ ಕೈಚಾಚಿ ಆಶೀರ್ವಾದ ಮಾಡಿದರು. ಆ ಆಶೀರ್ವಾದ ನನ್ನ ತಲೆಯ ಮೇಲೆ ಬಿತ್ತೋ, ಮೆಕ್ಯಾನಿಕ್ಕನ ಕಡೆಗೆ ಜಾರಿತೋ ದೇವರೇ ಬಲ್ಲ.

ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಅದನ್ನು ನಿಜ ಮಾಡಿಬಿಡೋಣವೆಂದು ಅದೇ ಸಂಜೆ ಶುರು ಮಾಡಿದೆ. ಹೀಗೆ ನಮ್ಮ ಮನೆಯ ಭಕ್ತಿ ಆರಂಭವಾದದ್ದು.

ಮಗಳು ಆಗ ಮೂರನೆಯ ತರಗತಿ. ಅವಳಿಗೂ ನನಗೂ ಒಂದು ಆಟವಿತ್ತು. ನಾನು ಮನೆಗೆ ಬಂದ ಕೂಡಲೇ ನನ್ನ ಚೀಲದಿಂದ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡು ಅವಳು ಕಂಡಕ್ಟರ್ ಆಗುತ್ತಿದ್ದಳು. ನಾನು ಪ್ಯಾಸೆಂಜರ್. “ಏ ಅಪ್ಪಾ, ಬಾ, ಇಲ್ಲಿ ಕುಂದರು” ಎಂದು ನನ್ನನ್ನು ಕೈಹಿಡಿದು ಎಳೆದು ಚಾಪೆಯ ಮೇಲೆ ಕೂರಿಸಿ, ಆಮೇಲೆ ದನಿ ಬದಲಿಸಿ, “ಎಲ್ಲಿಗ್ರಿ? ಬೇವೂರಿಗೇನ್ರಿ? ಹಿಂದ ಸರೀರಿ” ಅನ್ನುತ್ತಿದ್ದಳು. ಬೇವೂರು ಅವಳ ಅಮ್ಮನ ತವರು. ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಆಟದೊಳಗೆ ನಾನು ‘ರೀ’, ಆಟ ಮುಗಿದರೆ ‘ನೀ’. ಎರಡರ ವ್ಯತ್ಯಾಸ ಆ ಹುಡುಗಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

ಪ್ರಾರ್ಥನೆ ಶುರುವಾದ ಮೇಲೆ ಸೀಟಿ ನನ್ನ ಕೈಗೆ ಬಂತು. ಸಂಜೆ ದೀಪ ಹಾಕುತ್ತಲೇ ಒಮ್ಮೆ ಊದಿದರೆ ಎಲ್ಲರೂ ಎಲ್ಲಿದ್ದರೂ ಬಂದು ಚಾಪೆಯ ಮೇಲೆ ಕೂರಬೇಕು ಎಂದು ನಿಯಮ ಮಾಡಿದೆ. ‘ಎಲ್ಲರೂ’ ಎಂದರೆ ಹೆಂಡತಿ ಮತ್ತು ಮಗಳು. ಮೊದಮೊದಲು ಇಬ್ಬರೂ ನಕ್ಕರು. ಅವರು ನಕ್ಕದ್ದಕ್ಕೆ ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಬಸ್ಸಿನಲ್ಲಿ ಅದನ್ನು ಇಡೀ ದಿನ ತಡೆಹಿಡಿದಿರುತ್ತೇನೆ, ಮನೆಯ ಹೊಸ್ತಿಲು ದಾಟಿದ ಮೇಲೆ ಅದಕ್ಕೆ ತಡೆಯಿಲ್ಲ.

ಒಂದು ಹಾಡು, ಒಂದು ಓದು, ನನ್ನ ಪ್ರಾರ್ಥನೆ, ಕೊನೆಗೆ ಮಗಳು ಬೈಬಲಿನ ಒಂದು ವಾಕ್ಯ ಬಾಯಿಪಾಠ ಒಪ್ಪಿಸುವುದು. ವಾಕ್ಯ ಹೇಳಿದ ಮೇಲೆಯೇ ಊಟ. ನನ್ನ ಪ್ರಾರ್ಥನೆ ಉದ್ದವಾಗಿರುತ್ತಿತ್ತು. ಓಣಿಯವರಿಗೆ ಕೇಳಲಿ ಎಂದು ಜೋರಾಗಿಯೂ ಇರುತ್ತಿತ್ತು. ಮನೆಯಲ್ಲಿ ಎಂದೂ ಆಡದ ಭಾಷೆಯಲ್ಲಿ, ‘ಕೃಪಾಸಾಗರನೇ’, ‘ನಿನ್ನ ಸನ್ನಿಧಾನಕ್ಕೆ’ ಎಂದು ಪುಸ್ತಕದ ಕನ್ನಡ ಹೊಡೆಯುತ್ತಿದ್ದೆ. ಹೆಂಡತಿ ಒಮ್ಮೆ, “ನೀವು ಪ್ರಾರ್ಥನಾ ಮಾಡಾಕತ್ತಿದ್ರ ಯಾರೋ ಬ್ಯಾರೆ ಊರಾವ್ರು ಬಂದಂಗ ಆಗತೈತ್ರಿ” ಅಂದಳು. ಅವಳ ರೀಯಲ್ಲಿ ಯಾವಾಗಲೂ ಒಂದು ಚಿಟಿಕೆ ತಮಾಷೆ ಇರುತ್ತದೆ. ಅದು ನನಗೆ ಆಗ ಹಿಡಿಸಲಿಲ್ಲ.

ಒಂದು ಸಂಜೆ ಮಗಳಿಗೆ ಪ್ರಾರ್ಥನೆ ಮಾಡಲು ಹೇಳಿದೆ. ಅವಳು ಕಣ್ಣು ಮುಚ್ಚಿ, “ಯೇಸಪ್ಪಾ, ನಮ್ಮ ಮನಿಗೆ ಬರ್ರಿ, ಕುಂದರ್ರಿ” ಎಂದು ಆರಂಭಿಸಿದಳು. ನಾನು ನಡುವೆಯೇ ತಡೆದೆ.

“ದೇವ್ರಿಗೆ ರೀ ಹಚ್ಚಬಾರ್ದವ್ವಾ. ನೀ ಅನಬೇಕು.”

“ಟೀಚರ್‌ಗೆ ರೀ ಅಂತೀವಿ, ಪಾಸ್ಟರ್‌ಗೆ ರೀ ಅಂತೀವಿ. ದೇವ್ರು ಎಲ್ಲಾರಕಿಂತ ದೊಡ್ಡಾಂವ ಅಂತ ನೀನ ಹೇಳ್ತಿ. ಅವಗ್ಯಾಕ ನೀ?”

ಪ್ರಶ್ನೆ ಚೆನ್ನಾಗಿತ್ತು. ಚರ್ಚಿನಲ್ಲಿ ಎಂದೋ ಕೇಳಿದ ಉತ್ತರವೊಂದು ನನ್ನ ಬಾಯಿಗೆ ಬಂತು. “ದೊಡ್ಡಾಂವ ಖರೇ. ಆದ್ರ ನಮಗ ಹತ್ತರದಾಂವ. ಹತ್ತರದವರಿಗೆ ಯಾರರ ರೀ ಅಂತಾರೇನು?”

ಅವಳು ಸ್ವಲ್ಪ ಯೋಚಿಸಿ, “ಹಂಗಾರ ನಿನಗ ನೀ ಅಂತೀನಲ್ಲ, ಹಂಗ?” ಅಂದಳು.

“ಹೂಂ, ಹಂಗ” ಅಂದೆ. ಎಷ್ಟು ಸೊಗಸಾಗಿ ತಿಳಿಸಿಕೊಟ್ಟೆ ಎಂದು ಒಳಗೊಳಗೇ ಬೀಗಿದೆ. ಮರುದಿನ ಡಿಪೋದಲ್ಲಿ ಮೆಕ್ಯಾನಿಕ್ಕನಿಗೂ ಹೇಳಿದೆ.

ಮುಂದಿನದು ಬರೆಯಲು ಕೈ ಹಿಂಜರಿಯುತ್ತದೆ. ಅವಳ ಶಾಲೆಯಲ್ಲಿ ವಾರ್ಷಿಕೋತ್ಸವದ ಗ್ಯಾದರಿಂಗ್ ಇತ್ತು. ಓಣಿಯ ಹುಡುಗಿಯರೆಲ್ಲ ಸೇರಿ ಎದುರು ಮನೆಯ ಅಂಗಳದಲ್ಲಿ ಡ್ಯಾನ್ಸ್ ಕಲಿಯುತ್ತಿದ್ದರು. ಆ ದಿನ ನಾನು ಡ್ಯೂಟಿಯಲ್ಲಿ ಬೈಸಿಕೊಂಡು ಬಂದಿದ್ದೆ. ಸೀಟಿ ಊದಿದೆ, ಮಗಳು ಬರಲಿಲ್ಲ. ಇನ್ನೊಮ್ಮೆ ಊದಿದೆ. ಹಾಡು ಮುಗಿದಿರಲಿಲ್ಲ, ಅವಳು ಅಲ್ಲಿಂದಲೇ ‘ಬಂದೆ’ ಎಂದು ಕೈಸನ್ನೆ ಮಾಡಿದಳು. ನಾನು ಖಾಕಿ ಅಂಗಿಯಲ್ಲೇ ಎದುರು ಅಂಗಳಕ್ಕೆ ನುಗ್ಗಿ, ಅವಳ ಕಿವಿಯ ಹತ್ತಿರ ಸೀಟಿ ಊದಿ, ಅದೇ ಕಿವಿ ಹಿಡಿದು, “ದೇವ್ರನ್ನ ಕಾಯಸ್ತೀಯೇನಲೇ?” ಅಂದೆ. ಗೆಳತಿಯರು ಮೊದಲು ಹೆದರಿದರು. ನಾವು ಓಣಿ ದಾಟುವಾಗ ಹಿಂದಿನಿಂದ ಒಬ್ಬಳು “ರೈಟ್, ರೈಟ್!” ಎಂದು ಕೂಗಿದಳು, ಉಳಿದವರು ನಕ್ಕರು. ಮಗಳು ಅಳಲಿಲ್ಲ. ನನಗಿಂತ ಮುಂದೆ ನಡೆದು ಬಂದು ಚಾಪೆಯ ಮೇಲೆ ಕುಳಿತಳು.

ಅಂದಿನ ಪ್ರಾರ್ಥನೆಯಲ್ಲಿ ನಾನು ಪ್ರೀತಿಯ ಬಗ್ಗೆಯೇ ಬಹಳ ಹೊತ್ತು ಮಾತಾಡಿದೆ ಎಂಬುದು ನೆನಪಿದೆ. ವಾಕ್ಯ ಒಪ್ಪಿಸು ಅಂದಾಗ ಅವಳಿಗೆ ಅರ್ಧದಲ್ಲಿ ಮರೆತುಹೋಯಿತು. ಮತ್ತೆ ಹೇಳಿಸಿದೆ, ಮತ್ತೆ ಅಲ್ಲಿಯೇ ನಿಂತಳು. “ವಾಕ್ಯ ಬರೂತನಕಾ ರೊಟ್ಟಿ ಇಲ್ಲ” ಅಂದೆ. ಹೆಂಡತಿ ನನಗೆ ಬಡಿಸಿ, ತನ್ನ ತಾಟನ್ನು ಬೋರಲು ಹಾಕಿಟ್ಟಳು.

“ನೀ ಯಾಕ ಉಣ್ಣವಲ್ಲಿ?” ಎಂದೆ.

“ಪ್ರಾರ್ಥನಾ ಆತಲ್ರಿ. ನೀವು ಉಣ್ರಿ.”

ಅವಳ ರೀಯಲ್ಲಿ ಅಂದು ತಮಾಷೆ ಇರಲಿಲ್ಲ. ನಾನು ಒಬ್ಬನೇ ಉಂಡೆ. ಜೋಳದ ರೊಟ್ಟಿ, ಪುಂಡಿಪಲ್ಲೆ. ಎದುರಿಗೆ ಇಬ್ಬರು ಉಪವಾಸ ಕೂತಿರುವಾಗ ಗಂಟಲಲ್ಲಿ ರೊಟ್ಟಿ ಹೇಗೆ ಇಳಿಯಿತೋ, ಆದರೆ ಇಳಿಯಿತು. ಅದೇ ನನಗೆ ಎಲ್ಲಕ್ಕಿಂತ ನಾಚಿಕೆ ತರುವ ಸಂಗತಿ.

ಮರುದಿನ ಬೆಳಿಗ್ಗೆ ಮಗಳು ನೀರಿನ ಬಾಟಲಿ ತಂದು ಕೊಟ್ಟು, “ತಗೋರಿ” ಅಂದಳು.

ನಾನು ಅದನ್ನು ಕೇಳಿಸಿಕೊಂಡೆ. ಕೇಳಿಸಿಕೊಂಡು ಸಂತೋಷಪಟ್ಟೆ. ಹುಡುಗಿಗೆ ಬುದ್ಧಿ ಬಂತು, ದೇವಭಯ ಬಂತು, ಕಟ್ಟುನಿಟ್ಟು ಮಾಡಿದ್ದಕ್ಕೆ ಫಲ ಸಿಕ್ಕಿತು ಎಂದುಕೊಂಡೆ. ಆಮೇಲೆ ಎಲ್ಲದಕ್ಕೂ ರೀ. “ಬಂದ್ರೇನ್ರಿ”, “ಸಾಲಿ ಫೀ ಕಟ್ಟಬೇಕಂತ್ರಿ”, “ಹೂಂ ರೀ”. ಸೀಟಿ ಊದುವ ಮೊದಲೇ ಬಂದು ಕೂರುತ್ತಿದ್ದಳು. ವಾಕ್ಯ ಒಂದಕ್ಷರ ತಪ್ಪುತ್ತಿರಲಿಲ್ಲ. ನನ್ನ ಚೀಲಕ್ಕೆ ಕೈಹಾಕುವುದನ್ನು ಬಿಟ್ಟಿದ್ದಳು. ಅದು ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ಪಾಸ್ಟರು ಒಮ್ಮೆ ಮನೆಗೆ ಬಂದರು. ಮಗಳು ಅವರಿಗೆ ಚಹಾ ಕೊಟ್ಟಳು, ನನಗೂ “ಅಪ್ಪಾ, ತಗೋರಿ” ಎಂದು ಕೊಟ್ಟಳು. ಪಾಸ್ಟರಿಗೆ ಬಹಳ ಮೆಚ್ಚುಗೆಯಾಯಿತು. ಮುಂದಿನ ಭಾನುವಾರ, ಹೆಸರು ಹೇಳದೆಯೇ ಎಲ್ಲರಿಗೂ ತಿಳಿಯುವಂತೆ, “ನಮ್ಮ ಸಭೆಯೊಳಗ ಒಬ್ರ ಮನಿ ಐತಿ. ಅಲ್ಲಿ ಮಗಳು ತಂದೀಗೆ ಕೊಡೂ ಮರ್ಯಾದಿ ನೋಡಿ ಕಲೀಬೇಕು” ಅಂದರು. ಮೆಕ್ಯಾನಿಕ್ ನನ್ನ ಬೆನ್ನು ತಟ್ಟಿದ. ಎದೆ ಉಬ್ಬಿತು. ಈ ಸಲ ನಾನು ಸುಳ್ಳು ಹೇಳಿ ಎದ್ದು ನಿಂತವನಲ್ಲವಲ್ಲ ಎಂಬ ಸಮಾಧಾನ ಬೇರೆ.

ಬೇಸಿಗೆ ರಜೆಯಲ್ಲಿ ಹೆಂಡತಿ, ಮಗಳು ಬೇವೂರಿಗೆ ಹೊರಟರು. ನನ್ನದೇ ಬಸ್ಸಿನಲ್ಲಿ. ಇಬ್ಬರಿಗೂ ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟ್ ಹರಿದು ಕೊಟ್ಟೆ. ಗದ್ದಲವಿತ್ತು. ಹೆಂಡತಿಗೆ ಹಿಂದೆ ಜಾಗ ಸಿಕ್ಕಿತು, ಮಗಳಿಗೆ ಮುಂದೆ, ಕಿಟಕಿಯ ಪಕ್ಕ ಒಬ್ಬ ಮುದುಕಿಯ ಜೊತೆ. ಕೊಪ್ಪಳ ದಾಟಿದ ಮೇಲೆ ಬಿಸಿಗಾಳಿ. ಮಗಳಿಗೆ ಕಿಟಕಿಯ ಗಾಜು ಸರಿಸಲು ಆಗುತ್ತಿರಲಿಲ್ಲ. ನಾನು ಹತ್ತಿರ ಬಂದಾಗ ಮೆಲ್ಲಗೆ, “ಸ್ವಲ್ಪ ಕಿಟಕಿ ಸರಸ್ರಿ” ಅಂದಳು. ಸರಿಸಿದೆ. ಕುಕನೂರಿನಲ್ಲಿ ಕೆಳಗಿಳಿದು ಅವಳಿಗೊಂದು ಪೇರಲ ಹಣ್ಣು ತಂದು ಕೊಟ್ಟೆ. “ಬ್ಯಾಡ್ರಿ, ಇರ್ಲಿ” ಅಂದಳು. ಒತ್ತಾಯ ಮಾಡಿ ಕೈಯಲ್ಲಿಟ್ಟೆ.

ಮುದುಕಿ ನನ್ನನ್ನು ಒಂದು ಥರ ನೋಡಿದಳು. ನಾನು ಮುಂದೆ ಹೋಗುತ್ತಲೇ ಮಗಳಿಗೆ ಹೇಳುವುದು ಕಿವಿಗೆ ಬಿತ್ತು. “ಗುರ್ತಿಲ್ಲದವ್ರು ಕೊಟ್ಟದ್ದು ತಿನಬಾರ್ದವ್ವಾ. ಕಂಡಕ್ಟರ್ ಆದ್ರೇನಾತು. ನಿಮ್ಮವ್ವ ಎಲ್ಲಿ ಅದಾಳ?”

ನಾನು ತಿರುಗಿ ಬಂದೆ. ನಗುತ್ತಲೇ, “ಯಮ್ಮಾ, ನನ್ನ ಮಗಳ್ರಿ ಆಕಿ” ಅಂದೆ.

ಮುದುಕಿ ನನ್ನ ಮುಖ ನೋಡಿದಳು, ಅವಳ ಮುಖ ನೋಡಿದಳು. “ಮಗಳಾ? ನನಗೇನ್ ಗೊತ್ತೋ ಯಪ್ಪಾ. ಕೂಸು ನಿನಗ ರೀ ರೀ ಅಂತೈತಿ. ಯಾರೋ ಪ್ಯಾಸೆಂಜರ್ ಹುಡುಗಿ ಅಂದ್ಕೊಂಡೆ.”

ಹತ್ತಿರದವರು ನಕ್ಕರು. ನಾನೂ ನಕ್ಕೆ. ಮಗಳು ನಗಲಿಲ್ಲ. ಪೇರಲವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಗಲೇ ನನಗೆ ನಾನೇ ಹೇಳಿದ ಮಾತು ನೆನಪಾಯಿತು, ಹತ್ತರದವರಿಗೆ ಯಾರರ ರೀ ಅಂತಾರೇನು. ಬಸ್ಸು ತುಂಬ ಜನ, ಎಲ್ಲಿಯೂ ಮುಖ ಮರೆಸಿಕೊಳ್ಳಲು ಜಾಗವಿಲ್ಲ. ಮುದುಕಿ ಯಲಬುರ್ಗಾದಲ್ಲಿ ಇಳಿದಳು. ನಾನು ಅಲ್ಲಿ ರೈಟ್ ಕೊಡುವುದನ್ನೂ ಮರೆತು ನಿಂತಿದ್ದೆನಂತೆ, ಡ್ರೈವರ್ ಕೂಗಿ ಕರೆದ. ಬೇವೂರು ಬಂದಾಗ ಮಗಳು ಚೀಲ ಎತ್ತಿಕೊಂಡು ಇಳಿದು, ಕೆಳಗೆ ನಿಂತು, “ಹೋಗಿ ಬರ್ರಿ” ಅಂದಳು. ನಾನು ದಿನಾಲೂ ಎಷ್ಟೋ ಜನರಿಗೆ ಅನ್ನುವ ದನಿಯಲ್ಲೇ ಅಂದಳು.

ಅವರು ಊರಿಂದ ವಾಪಸ್ಸು ಬರುವವರೆಗೆ ನನ್ನ ತಲೆಯಲ್ಲಿ ಅದೇ. ಬಂದ ಸಂಜೆಯೇ ಮಗಳನ್ನು ಎದುರಿಗೆ ಕೂರಿಸಿಕೊಂಡೆ. ಏನು ಹೇಳಬೇಕು ಎಂದು ನೂರು ಸಲ ಯೋಚಿಸಿದ್ದೆ. ಬಾಯಿಗೆ ಬಂದದ್ದು ಮತ್ತೆ ಆಜ್ಞೆಯೇ.

“ಇವತ್ತಿಂದ ನನಗ ರೀ ಅನಬ್ಯಾಡ. ಮೊದಲಿನಂಗ ನೀ ಅನ್ನು. ತಿಳೀತಾ?”

ಅವಳು ತಲೆಯಾಡಿಸಿ ಅಂದಳು, “ಆತ್ರಿ.”

ಅಡುಗೆಮನೆಯಲ್ಲಿ ಹೆಂಡತಿಯ ಲಟ್ಟಣಿಗೆ ನಿಂತಿತು. ಅವಳು ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಎದ್ದು ಸೀಟಿಯನ್ನು ಚೀಲಕ್ಕೆ ಹಾಕಿದೆ. ಅಂದಿನಿಂದ ಮನೆಯಲ್ಲಿ ಅದು ಚೀಲದಿಂದ ಹೊರಗೆ ಬಂದಿಲ್ಲ. ವಾಕ್ಯ ಹೇಳಿದರೆ ಊಟ ಎಂಬ ನಿಯಮವನ್ನೂ ಕಿತ್ತು ಹಾಕಿದೆ. ಪ್ರಾರ್ಥನೆ ನೀನು ನಡೆಸು ಎಂದು ಹೆಂಡತಿಗೆ ಹೇಳಿದೆ. ಅವಳು ನಡೆಸುವ ಪ್ರಾರ್ಥನೆ ಚಿಕ್ಕದು. ನೆರೆಮನೆಯವಳ ಹತ್ತಿರ ಸಕ್ಕರೆ ಕೇಳುವಂತೆ ದೇವರ ಹತ್ತಿರ ಕೇಳುತ್ತಾಳೆ. ನಾನು ಗೋಡೆಗೆ ಒರಗಿ ಕೂತು ‘ಆಮೆನ್’ ಮಾತ್ರ ಅನ್ನುತ್ತೇನೆ. ಒಂದು ದಿನ ಧೈರ್ಯ ಮಾಡಿ, ಚರ್ಚಿನಲ್ಲಿ ನಾನು ಸುಳ್ಳೇ ಎದ್ದು ನಿಂತಿದ್ದೆ ಎಂದು ಇಬ್ಬರ ಮುಂದೆಯೂ ಪ್ರಾರ್ಥನೆಯಲ್ಲಿ ಒಪ್ಪಿಕೊಂಡೆ. ಕಣ್ಣು ತೆರೆದಾಗ ಹೆಂಡತಿ, “ನನಗ ಗೊತ್ತಿತ್ತು ಬಿಡ್ರಿ” ಅಂದಳು. ಮಗಳು ಎದ್ದು ಚಾಪೆ ಸುತ್ತತೊಡಗಿದಳು. ಅಂದು ಚರ್ಚಿನಲ್ಲಿ ತಾನು ಕೈಬೀಸಿದ್ದು ಯಾವ ಅಪ್ಪನಿಗೆ ಎಂದು ಯೋಚಿಸಿದಳೋ ಏನೋ.

ರೀ ಮಾತ್ರ ಹೋಗಲಿಲ್ಲ. ಸಿಟ್ಟಿನಿಂದ ಅನ್ನುತ್ತಾಳೆಂದೂ ಅಲ್ಲ. ಅವಳಿಗೆ ರೂಢಿಯಾಗಿಬಿಟ್ಟಿದೆ. ಮನೆಯಲ್ಲಿ ದೇವರ ರೂಢಿ ಹಾಕಲು ಹೊರಟು ನಾನು ಹಾಕಿದ ರೂಢಿ ಇದೇ.

ಮೊನ್ನೆ ಕುಷ್ಟಗಿಯ ಟ್ರಿಪ್ ಬೇಗ ಮುಗಿಯಿತು. ಹೊತ್ತು ಮುಳುಗುವ ಮೊದಲೇ ಮನೆ ಮುಟ್ಟಿದೆ. ಹೆಂಡತಿ ಸಂತೆಗೆ ಹೋಗಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಚಪ್ಪಲಿ ಬಿಡುತ್ತಿದ್ದೆ, ಒಳಗಿನಿಂದ ಮಗಳ ದನಿ.

“ಏ ಅಪ್ಪಾ, ಬಾ. ಇಲ್ಲಿ ಕುಂದರು.”

ಒಂದು ಚಪ್ಪಲಿ ಕಾಲಲ್ಲೇ ಉಳಿಯಿತು. ಎಷ್ಟು ದಿನವಾಗಿತ್ತು ಆ ಮಾತು ಕೇಳಿ! ನನ್ನ ಹೆಜ್ಜೆಯ ಸದ್ದು ಕೇಳಿಸಿತು, ನನ್ನನ್ನೇ ಕರೆದಳು ಎಂದುಕೊಂಡೆ. ಕಣ್ಣು ತುಂಬಿ ಬಂತು. “ಬಂದ್ನೆವ್ವಾ, ಬಂದೆ” ಎನ್ನುತ್ತ ಬಾಗಿಲು ದೂಡಿ ಒಳಗೆ ಹೋದೆ.

ಅವಳು ಚಾಪೆ ಹಾಸಿಕೊಂಡು ಮೊಣಕಾಲೂರಿ ಕುಳಿತಿದ್ದಳು. ಕಣ್ಣು ಮುಚ್ಚಿತ್ತು, ಕೈ ಜೋಡಿಸಿದ್ದಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ಯಾರೂ ಸೀಟಿ ಊದಿರಲಿಲ್ಲ, ಯಾರೂ ಕರೆದಿರಲಿಲ್ಲ, ತನ್ನಷ್ಟಕ್ಕೆ ಕುಳಿತಿದ್ದಳು. ನನ್ನ ದನಿಗೆ ಬೆಚ್ಚಿ ಕಣ್ಣು ತೆರೆದು, ಎದ್ದು ನಿಂತು, ಗಾಬರಿಯಿಂದ ಅಂದಳು, “ನಿಮಗಲ್ರಿ. ಯೇಸಪ್ಪಗ.”

ದೇವರು ಹತ್ತಿರದವನು ಎಂದು ನಾನು ಕಲಿಸಿದ್ದನ್ನು ಅವಳು ಮರೆತಿರಲಿಲ್ಲ. ಕಲಿಸಿದವನೇ ದೂರ ಉಳಿದಿದ್ದೆ. ಖಾಕಿ ಅಂಗಿಯಲ್ಲಿ, ಚೀಲ ಹೆಗಲಲ್ಲಿ, ಟಿಕೆಟ್ ಇಲ್ಲದೆ ಹತ್ತಿದವನ ಹಾಗೆ ಹೊಸ್ತಿಲಲ್ಲಿ ನಿಂತಿದ್ದೆ.

“ನಾನೂ ಕುಂದರ್ಲೇನವ್ವಾ?” ಎಂದು ಕೇಳಿದೆ. ಅವಳ ಒಪ್ಪಿಗೆಯನ್ನು ನಾನು ಕೇಳಿದ್ದು ಅದೇ ಮೊದಲು ಇರಬೇಕು.

ಅವಳು ಪಕ್ಕದ ಖಾಲಿ ಜಾಗ ನೋಡಿದಳು. ಅದನ್ನು ಹಾಗೆಯೇ ಬಿಟ್ಟು, ತನ್ನ ಇನ್ನೊಂದು ಬದಿಯಲ್ಲಿ ಸ್ವಲ್ಪ ಜಾಗ ಮಾಡಿದಳು.

“ಕುಂದರ್ರಿ” ಅಂದಳು.

ನಾನು ಚೀಲ ಕೆಳಗಿಟ್ಟು, ಚಾಪೆಯ ಅಂಚಿನಲ್ಲಿ ಕುಳಿತೆ.